ಬೇರೆ ಗಾಡಿಯ ಕ್ಯಾಲಿಪರ್, ನಮ್ಮ ಗಾಡಿಯ ಚಕ್ರ

ದಂಡಿನಶಿವರದ ಕಡೆ ಹಳೇ ಗಾಡಿಗಳಿಗೆ ಇನ್ನೂ ಆಯುಸ್ಸಿದೆ. ತೋಟದ ಮನೆಯ ಮುಂದೆ ಗರಿ ಚಪ್ಪರದ ಕೆಳಗೆ ನಿಂತಿರುವ ಮಹೀಂದ್ರ ಜೀಪು, ಯಜಮಾನರ ಕಾಲದಲ್ಲಿ ತಂದ ಅಂಬಾಸಿಡರ್, ಮಗ ಸೆಕೆಂಡ್ ಹ್ಯಾಂಡಿನಲ್ಲಿ ತಂದ ಮಾರುತಿ ಎಲ್ಲವೂ ದುಡಿಯುತ್ತಲೇ ಇವೆ. ಕೊಬ್ಬರಿ ಚೀಲ ತಿಪಟೂರಿಗೆ ಹೋಗುವುದು, ಹಿಂಡಿ ಮೂಟೆ ಮನೆಗೆ ಬರುವುದು, ಮದುವೆಗೆ ಹೆಣ್ಣಿನ ಕಡೆಯವರನ್ನು ಕರೆತರುವುದು ಇವುಗಳಲ್ಲೇ.

ಇವುಗಳ ಮಾಲೀಕರು ಈಚೆಗೆ ಗ್ಯಾರೇಜಿನಲ್ಲಿ ಒಂದು ಮಾತು ಕೇಳುತ್ತಾರೆ: "ಮೇಸ್ತ್ರಿ, ಇದಕ್ಕೆ ಬೇರೆ ಗಾಡೀದು ಡಿಸ್ಕ್ ಬ್ರೇಕ್ ಕೂರಿಸ್ಬೋದಾ?" ಗುಜರಿಯಲ್ಲಿ ಕ್ಯಾಲಿಪರ್ ಸಿಗುತ್ತದೆ. ಲೇತ್ ಅಂಗಡಿಯಲ್ಲಿ ಬ್ರಾಕೆಟ್ ಮಾಡಿಕೊಡುತ್ತಾರೆ. ಫೋನಿನಲ್ಲಿ ವಿಡಿಯೋ ನೋಡಿದರೆ ಅರ್ಧ ದಿನದ ಕೆಲಸ ಅನ್ನಿಸುತ್ತದೆ.

ಹೌದು ಅಥವಾ ಇಲ್ಲ ಅಂತ ಒಂದೇ ಮಾತಲ್ಲಿ ಮುಗಿಸುವ ವಿಷಯ ಇದಲ್ಲ. ನಮ್ಮ ಗಾಡಿಗಳಿಗೆ ಡ್ರಮ್ ಬ್ರೇಕು ಯಾಕೆ ಬಂತು, ಊರೆಲ್ಲ ಡಿಸ್ಕಿಗೆ ಹೋದ ಮೇಲೂ ಅದು ಯಾಕೆ ಹಾಗೇ ಉಳಿಯಿತು, ಒಂದು ಕಂಪನಿಯ ಬ್ರೇಕು ಇನ್ನೊಂದು ಕಂಪನಿಯ ಗಾಡಿಗೆ ಹೇಗೆ ಹೊಂದುತ್ತದೆ ಎಂಬುದು ಗೊತ್ತಾದರೆ ಮೇಸ್ತ್ರಿಯ ಮುಂದೆ ನಿಂತಾಗ ಏನು ಕೇಳಬೇಕು ಅನ್ನುವುದು ನಿಮಗೇ ಹೊಳೆಯುತ್ತದೆ. ಅದಕ್ಕೇ ಸ್ವಲ್ಪ ಹಿಂದಿನಿಂದ ಶುರು ಮಾಡುತ್ತೇವೆ.

ಎತ್ತಿನ ಗಾಡಿ ಹೊಡೆದವರಿಗೆ ಗೊತ್ತು, ಏರು ಹತ್ತಿಸುವುದಕ್ಕಿಂತ ಇಳಿಜಾರು ಇಳಿಸುವುದೇ ಕಷ್ಟ. ಭಾರವೆಲ್ಲ ಎತ್ತಿನ ಹೆಗಲ ಮೇಲೆ ನುಗ್ಗುತ್ತದೆ. ಇಂಗ್ಲೆಂಡಿನ ಡರ್ಬಿಶೈರ್ ಎಂಬ ಗುಡ್ಡಗಾಡಿನಲ್ಲೂ ಇದೇ ಪಾಡು. ಅಲ್ಲಿನ ರೈತರು ಕುದುರೆ ಗಾಡಿಯ ಬ್ರೇಕಿನ ಮರದ ತುಂಡಿಗೆ ಹಳೇ ಬೂಟಿನ ಚರ್ಮ ಹೊಡೆದುಕೊಳ್ಳುತ್ತಿದ್ದರಂತೆ. ಬರೀ ಮರ ಜಾರುತ್ತದೆ, ಚರ್ಮ ಹಿಡಿಯುತ್ತದೆ. ಇದನ್ನು ಗಮನಿಸಿದ ಹರ್ಬರ್ಟ್ ಫ್ರೂಡ್ ಎಂಬಾತ 1897ರಲ್ಲಿ ಬ್ರೇಕಿನ ಹಿಡಿತಕ್ಕೆಂದೇ ವಸ್ತು ತಯಾರಿಸುವ ಕೆಲಸ ಶುರು ಮಾಡಿದ. ಅದೇ ಮುಂದೆ ಫೆರೊಡೊ ಎಂಬ ಹೆಸರಾಯಿತು. ಇವತ್ತು ನಿಮ್ಮ ಗಾಡಿಗೆ ಹಾಕಿಸುವ ಲೈನರ್ ಆ ಬೂಟಿನ ಚರ್ಮದ ಮೊಮ್ಮಗ.

1908ರ ಹೊತ್ತಿಗೆ ಫ್ರೂಡ್ ಲೈನರಿಗೆ ಕಲ್ನಾರು ಸೇರಿಸಿದ. ಶಾಖಕ್ಕೆ ಜಗ್ಗದ ವಸ್ತು, ಆದರೆ ಅದರ ಧೂಳು ಶ್ವಾಸಕೋಶಕ್ಕೆ ವಿಷ ಎಂದು ಜಗತ್ತು ಒಪ್ಪಿಕೊಳ್ಳುವುದಕ್ಕೆ ಹಲವು ದಶಕ ಹಿಡಿಯಿತು. ಹಳೇ ಗಾಡಿಯ ಡ್ರಮ್ ಬಿಚ್ಚಿದಾಗ ಒಳಗಿನ ಪುಡಿಯನ್ನು ಬಾಯಲ್ಲಿ ಊದುವ, ಏರ್ ಹೊಡೆಯುವ ಅಭ್ಯಾಸ ನಮ್ಮ ಕಡೆ ಇನ್ನೂ ಇದೆ. ದಯವಿಟ್ಟು ಬಿಡಿ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಡಿಸ್ಕ್ ಹೊಸದು, ಡ್ರಮ್ ಹಳೆಯದು ಎಂದು ಎಲ್ಲರೂ ಅಂದುಕೊಂಡಿರುತ್ತಾರೆ. ಎರಡೂ ಒಂದೇ ವಯಸ್ಸಿನವು. 1902ರಲ್ಲಿ ಫ್ರಾನ್ಸಿನ ಲೂಯಿ ರೆನೊ ಡ್ರಮ್ ಬ್ರೇಕು ರೂಪಿಸಿದ. ಅದೇ ವರ್ಷ ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದ. ಲ್ಯಾಂಚೆಸ್ಟರನ ಬ್ರೇಕಿನಲ್ಲಿ ತಾಮ್ರವು ಲೋಹದ ತಟ್ಟೆಗೆ ಒತ್ತುತ್ತಿತ್ತು. ಕಿವಿ ತೂತಾಗುವ ಹಾಗೆ ಕಿರುಚುತ್ತಿತ್ತು, ಬೇಗ ಸವೆಯುತ್ತಿತ್ತು. ಮಣ್ಣು ರಸ್ತೆಯಲ್ಲಿ ಬಯಲಿಗೆ ಬಿದ್ದ ತಟ್ಟೆಗಿಂತ ಮುಚ್ಚಿದ ಡಬ್ಬಿಯೇ ವಾಸಿ. ಹೀಗೆ ಡ್ರಮ್ ಗೆದ್ದಿತು, ಡಿಸ್ಕ್ ಐವತ್ತು ವರ್ಷ ಮೂಲೆ ಸೇರಿತು.

ಡ್ರಮ್ಮಿಗೆ ಇನ್ನೊಂದು ಗುಣವೂ ಇತ್ತು. ಒಳಗಿನ ಎರಡು ಶೂಗಳಲ್ಲಿ ಒಂದನ್ನು ತಿರುಗುವ ಡ್ರಮ್ಮೇ ಎಳೆದುಕೊಂಡು ಇನ್ನಷ್ಟು ಬಿಗಿಯಾಗಿ ಒತ್ತಿಸಿಕೊಳ್ಳುತ್ತದೆ. ಕಾಲು ಹಾಕಿದ ಬಲಕ್ಕಿಂತ ಹೆಚ್ಚು ಹಿಡಿತ ಪುಕ್ಕಟೆ ಸಿಗುತ್ತದೆ. ಡಿಸ್ಕಿಗೆ ಈ ಭಾಗ್ಯ ಇಲ್ಲ, ಪ್ಯಾಡು ಎಷ್ಟು ಒತ್ತಿದರೆ ಅಷ್ಟೇ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಆಮೇಲೆ ಬಂದದ್ದು ಬ್ರೇಕ್ ಆಯಿಲ್. ಅಮೆರಿಕದ ಮಾಲ್ಕಂ ಲಾಕ್‌ಹೀಡ್ ಸರಳು, ತಂತಿಗಳ ಬದಲು ಪೈಪಿನೊಳಗಿನ ದ್ರವದಿಂದ ಬ್ರೇಕು ಒತ್ತಿಸುವ ವಿಧಾನ ಕಂಡುಹಿಡಿದ. 1921ರಲ್ಲಿ ಡ್ಯೂಸನ್‌ಬರ್ಗ್ ಎಂಬ ದುಬಾರಿ ಕಾರು ನಾಲ್ಕೂ ಚಕ್ರಕ್ಕೆ ಅಂಥ ಬ್ರೇಕು ಹಾಕಿಕೊಂಡು ಬಂತು. ತಂತಿಯ ಬ್ರೇಕಿನಲ್ಲಿ ಒಂದು ಚಕ್ರ ಮೊದಲು ಹಿಡಿದು ಗಾಡಿ ಪಕ್ಕಕ್ಕೆ ಎಳೆಯುವ ಕಾಟವಿತ್ತು. ದ್ರವ ಎಲ್ಲ ಕಡೆಗೂ ಒಂದೇ ಒತ್ತಡ ಕೊಡುತ್ತದೆ.

ಡಿಸ್ಕ್ ಮೂಲೆಯಿಂದ ಎದ್ದು ಬಂದದ್ದು ವಿಮಾನದ ಚಕ್ರಗಳ ಮೂಲಕ, ರಸ್ತೆಗಿಳಿದದ್ದು ರೇಸಿನ ಮೂಲಕ. ಫ್ರಾನ್ಸಿನ ಲ ಮಾನ್ ಊರಲ್ಲಿ 24 ಗಂಟೆ ಬಿಡದೆ ಓಡುವ ರೇಸು ನಡೆಯುತ್ತದೆ. 1953ರಲ್ಲಿ ಡನ್‌ಲಪ್ ಡಿಸ್ಕ್ ಬ್ರೇಕಿನ ಜಾಗ್ವಾರ್ ಸಿ-ಟೈಪ್ ಕಾರು ಅಲ್ಲಿ ಗೆದ್ದಿತು. ಸರಾಸರಿ ವೇಗ ಗಂಟೆಗೆ 100 ಮೈಲಿ ದಾಟಿದ್ದು ಆ ರೇಸಿನಲ್ಲಿ ಅದೇ ಮೊದಲು. ಉಳಿದವರ ಡ್ರಮ್ ಕಾದು ಹಿಡಿತ ಬಿಡುತ್ತಿದ್ದಾಗ ಜಾಗ್ವಾರಿನವರು ತಿರುವಿನ ಹತ್ತಿರದವರೆಗೂ ಜೋರಾಗಿ ಹೋಗಿ ಕೊನೆಗಳಿಗೆಯಲ್ಲಿ ಬ್ರೇಕ್ ಹಾಕುತ್ತಿದ್ದರು. ಎರಡು ವರ್ಷಕ್ಕೆ, 1955ರಲ್ಲಿ, ಸಿಟ್ರೊಯೆನ್ ಡಿಎಸ್ ಎಂಬ ಸಂಸಾರಸ್ಥರ ಕಾರಿಗೂ ಮುಂದೆ ಡಿಸ್ಕ್ ಬಂತು.

ಕಾಯುವುದು ಅಂದೆವಲ್ಲ, ಅದರ ಲೆಕ್ಕ ನೋಡಿ. ಬ್ರೇಕಿನ ಕೆಲಸ ಓಟವನ್ನು ಶಾಖವಾಗಿ ಬದಲಾಯಿಸುವುದು. ಲೋಡು ಸೇರಿ ಎರಡು ಟನ್ ತೂಗುವ ಜೀಪು 30 ಕಿ.ಮೀ. ವೇಗದಿಂದ ನಿಂತರೆ ಒಂದು ದೊಡ್ಡ ಲೋಟ ನೀರು ಕುದಿ ಬರುವಷ್ಟು ಶಾಖ ಹುಟ್ಟುತ್ತದೆ. 60ರಿಂದ ನಿಂತರೆ ಸುಮಾರು 900 ಎಂ.ಎಲ್. ನೀರು ಕುದಿಯುವಷ್ಟು. 80ರಿಂದ ಆದರೆ ಒಂದೂವರೆ ಲೀಟರಿಗೂ ಹೆಚ್ಚು. ವೇಗ ಎರಡರಷ್ಟಾದರೆ ಶಾಖ ನಾಲ್ಕರಷ್ಟು. ಇಷ್ಟೂ ಶಾಖ ಕೆಲವೇ ಸೆಕೆಂಡಿನಲ್ಲಿ ಆ ಕಬ್ಬಿಣದ ಡ್ರಮ್ಮಿನೊಳಗೆ ಹುಟ್ಟಬೇಕು, ಹೊರಗೆ ಹೋಗಬೇಕು. ಡ್ರಮ್ಮು ಮುಚ್ಚಿದ ಪಾತ್ರೆ, ಡಿಸ್ಕು ಗಾಳಿಗೆ ಬಿಚ್ಚಿಟ್ಟ ತಟ್ಟೆ. ಒಂದು ಸಲ ನಿಲ್ಲಿಸುವುದಾದರೆ ಸರಿಯಾಗಿರುವ ಡ್ರಮ್ಮೂ ನಿಲ್ಲಿಸುತ್ತದೆ. ಮತ್ತೆ ಮತ್ತೆ ನಿಲ್ಲಿಸಬೇಕಾದಾಗ, ಘಾಟಿ ಇಳಿಯುವಾಗ, ವ್ಯತ್ಯಾಸ ಗೊತ್ತಾಗುತ್ತದೆ.

ಈಗ ನಮ್ಮ ದೇಶಕ್ಕೆ ಬರೋಣ. 1957-58ರಲ್ಲಿ ಬಂಗಾಳದ ಉತ್ತರಪಾರಾದಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಅಂಬಾಸಿಡರ್ ಶುರು ಮಾಡಿತು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಇದರ ಮೂಲ. ನಾಲ್ಕೂ ಕಡೆ ಡ್ರಮ್. ಸ್ವಲ್ಪದರಲ್ಲೇ ಇದಕ್ಕೆ 1489 ಸಿಸಿಯ ಎಂಜಿನ್ ಬಂತು. ಇದೇ ಮನೆತನದ ಎಂಜಿನ್ ಇಂಗ್ಲೆಂಡಿನಲ್ಲಿ ಎಂಜಿಎ ಎಂಬ ಚಿಕ್ಕ ಸ್ಪೋರ್ಟ್ಸ್ ಕಾರಿನಲ್ಲೂ ಇತ್ತು. 1959ರಲ್ಲಿ ಆ ಎಂಜಿಎಗೆ ಮುಂದಿನ ಚಕ್ರಕ್ಕೆ ಡಿಸ್ಕ್ ಬಂತು. ನಮ್ಮ ಅಂಬಾಸಿಡರ್ ಡಿಸ್ಕ್ ಕಂಡದ್ದು ಇಸುಜು ಎಂಜಿನ್ ಬಂದ 1990ರ ದಶಕದಲ್ಲಿ. ಒಂದೇ ಎಂಜಿನ್ನಿನ ಅಣ್ಣತಮ್ಮಂದಿರ ನಡುವೆ ಮೂವತ್ತು ವರ್ಷಕ್ಕೂ ಹೆಚ್ಚು ಅಂತರ.

ಇದಕ್ಕೆ ಕಂಪನಿಯನ್ನು ಮಾತ್ರ ಬೈದರೆ ಪೂರ್ತಿ ನ್ಯಾಯ ಆಗುವುದಿಲ್ಲ. ಆಗ ಲೈಸೆನ್ಸ್ ಕಾಲ. ಎಷ್ಟು ಕಾರು ಮಾಡಬೇಕು, ಯಾವ ಭಾಗ ಹೊರಗಿನಿಂದ ತರಿಸಬಹುದು ಎನ್ನುವುದೆಲ್ಲ ದೆಹಲಿಯ ಅಪ್ಪಣೆ. ಕಾರು ಬುಕ್ ಮಾಡಿ ವರ್ಷಗಟ್ಟಲೆ ಕಾಯುವ ಗಿರಾಕಿ ಇರುವಾಗ ಬ್ರೇಕು ಸುಧಾರಿಸುವ ಒತ್ತಾಯವೂ ಇರಲಿಲ್ಲ. ಜೊತೆಗೆ ರಸ್ತೆ. ಗುಬ್ಬಿಯಿಂದ ತಿಪಟೂರಿಗೆ ಐವತ್ತರ ಮೇಲೆ ಓಡಿಸಿದರೆ ಸ್ಪ್ರಿಂಗ್ ಪಟ್ಟಿ ಕೈಗೆ ಬರುವ ಕಾಲದಲ್ಲಿ ಡ್ರಮ್ ಬ್ರೇಕೇ ಧಾರಾಳ.

ಕೆಟ್ಟ ರಸ್ತೆಗೆ ಡ್ರಮ್ಮೇ ಸರಿ ಎಂದವರು ನಾವಷ್ಟೇ ಅಲ್ಲ. ಇಟಲಿಯ ಫಿಯಟ್ 124 ನಾಲ್ಕೂ ಚಕ್ರಕ್ಕೆ ಡಿಸ್ಕ್ ಇದ್ದ ಕಾರು. ಅದನ್ನೇ ರಷ್ಯಾದವರು ತಮ್ಮಲ್ಲಿ ತಯಾರಿಸಿ 1970ರಲ್ಲಿ ಲಾಡಾ ಮಾಡಿದಾಗ ಹಿಂದಿನ ಡಿಸ್ಕ್ ಕಿತ್ತು ಡ್ರಮ್ ಹಾಕಿದರು. ಅಲ್ಲಿನ ಕೆಸರು, ಧೂಳಿಗೆ ಹಿಂದಿನ ಡಿಸ್ಕ್ ತಡೆಯುತ್ತಿರಲಿಲ್ಲ.

ಆದರೆ ಬರೀ ದುಡ್ಡು ಉಳಿಸಲು ಡಿಸ್ಕ್ ಕಿತ್ತದ್ದೂ ಉಂಟು. 1983ರಲ್ಲಿ ಎಸ್ಕಾರ್ಟ್ಸ್ ಕಂಪನಿ ಯಮಹಾದ ಆರ್‌ಡಿ 350 ಬೈಕನ್ನು ರಾಜ್‌ದೂತ್ 350 ಎಂಬ ಹೆಸರಲ್ಲಿ ಇಲ್ಲಿಗೆ ತಂದಿತು. ಜಪಾನಿನಲ್ಲಿ ಮುಂದಿನ ಚಕ್ರಕ್ಕೆ ಡಿಸ್ಕ್ ಇತ್ತು, ಇಲ್ಲಿ ಡ್ರಮ್ ಆಯಿತು. ಆ ಕಾಲದಲ್ಲಿ ನಮ್ಮ ರಸ್ತೆಯ ಮೇಲಿದ್ದ ಬಹುಶಃ ಅತಿ ಜೋರಾದ ಬೈಕಿಗೆ ಇದ್ದ ಬ್ರೇಕು ಅದು. ಅದನ್ನು ಇಟ್ಟುಕೊಂಡವರಲ್ಲಿ ಬೇರೆ ಬೈಕಿನ ಫೋರ್ಕು, ಡಿಸ್ಕು, ಕ್ಯಾಲಿಪರ್ ತಂದು ಜೋಡಿಸಿದವರು ಬಹಳ. ನಮ್ಮ ಮೈಸೂರಿನಲ್ಲೇ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ತಯಾರಿಸಿತು. ಅವೂ ಡ್ರಮ್ಮಿನವೇ. ಯೆಜ್ಡಿ ಓಡಿಸಿದ ಹಿರಿಯರನ್ನು ಕೇಳಿದರೆ "ಬ್ರೇಕಿಗಿಂತ ಹಾರನ್ನೇ ನಂಬ್ತಿದ್ವಿ ಕಣಪ್ಪ" ಅನ್ನುತ್ತಾರೆ. ಸ್ವಲ್ಪ ಉತ್ಪ್ರೇಕ್ಷೆ, ಆದರೆ ಪೂರ್ತಿ ಸುಳ್ಳೂ ಅಲ್ಲ.

ಜೀಪಿನ ಕತೆ ಇನ್ನೂ ಹಳೆಯದು. ಎರಡನೇ ಮಹಾಯುದ್ಧಕ್ಕೆ ಮಾಡಿದ ವಿಲ್ಲಿಸ್ ಜೀಪನ್ನು ಮಹೀಂದ್ರದವರು 1940ರ ದಶಕದ ಕೊನೆಯಲ್ಲಿ ಬಾಂಬೆಯಲ್ಲಿ ಜೋಡಿಸಲು ಶುರು ಮಾಡಿದರು. ಯುದ್ಧಕಾಲದ ಜೀಪಿಗೆ ಇದ್ದದ್ದು 9 ಇಂಚಿನ ಡ್ರಮ್ಮು. ಸುಮಾರು ಒಂದು ಟನ್ ತೂಕದ ಗಾಡಿಗೆ, ನಾಲ್ಕು ಜನ ಸೈನಿಕರಿಗೆ ಮಾಡಿದ ಬ್ರೇಕು. ನಾವು ಅದೇ ಜೀಪಿಗೆ ಡೀಸೆಲ್ ಎಂಜಿನ್ ಇಳಿಸಿದೆವು, ಹಿಂದೆ ಬಾಡಿ ಉದ್ದ ಮಾಡಿದೆವು, ಹದಿನೈದು ಜನರನ್ನು ಹತ್ತಿಸಿದೆವು, ಮೇಲೆ ಕ್ಯಾರಿಯರಿಗೆ ಚೀಲ ಕಟ್ಟಿದೆವು. ಅಮ್ಮಸಂದ್ರದ ಸಿಮೆಂಟ್ ಫ್ಯಾಕ್ಟರಿ ಲಾರಿಗಳ ನಡುವೆ ಹೀಗೆ ಓಡಾಡಿದ ಸರ್ವಿಸ್ ಜೀಪುಗಳನ್ನು ನೋಡಿದವರು ಈ ಭಾಗದಲ್ಲಿ ಇನ್ನೂ ಇದ್ದಾರೆ. ಅಮೆರಿಕದಲ್ಲಿ ಹಳೇ ಜೀಪು ಸಾಕಿದವರು ಮೊದಲು ಮಾಡುವ ಕೆಲಸ 9 ಇಂಚಿನ ಡ್ರಮ್ ತೆಗೆದು ನಂತರದ ಮಾದರಿಯ 11 ಇಂಚಿನದು ಹಾಕುವುದು. ಡ್ರಮ್ಮಿನಿಂದ ಡ್ರಮ್ಮಿಗೇ, ಅದೇ ಮನೆಯದ್ದು. ಅದರಲ್ಲೂ ಒಂದು ಬುದ್ಧಿವಂತಿಕೆ ಇದೆ.

ಡಿಸ್ಕ್ ಎಂಬ ಮಾತು ನಮ್ಮ ಜನರ ಬಾಯಿಗೆ ಬಂದದ್ದು ಮಾರುತಿ ಕಾಲದಲ್ಲಿ. 1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗಿಳಿಯಿತು. ಆ ದಶಕ ಕಳೆಯುವಷ್ಟರಲ್ಲಿ ಮುಂದೆ ಡಿಸ್ಕ್, ಹಿಂದೆ ಡ್ರಮ್ ಎಂಬುದು ಚಿಕ್ಕ ಕಾರಿನ ಮಾಮೂಲಿ ಏರ್ಪಾಡಾಯಿತು. ಆಗಲೇ ಗುಜರಿಗೂ ಡಿಸ್ಕ್ ಬರತೊಡಗಿತು. ಆಕ್ಸಿಡೆಂಟಾದ ಮಾರುತಿ, ಜಿಪ್ಸಿ, ಆಮೇಲೆ ಬೊಲೆರೊ, ಸುಮೊಗಳ ಭಾಗಗಳು ಬೆಂಗಳೂರಿನ ಶಿವಾಜಿನಗರದ ಗುಜರಿಯಿಂದ ಹಿಡಿದು ಜಿಲ್ಲಾ ಕೇಂದ್ರದ ಅಂಗಡಿಗಳವರೆಗೆ ರಾಶಿ ಬಿದ್ದವು. ಹಳೇ ಗಾಡಿಗೆ ಬೇರೆ ಗಾಡಿಯ ಬ್ರೇಕು ಎಂಬ ಯೋಚನೆ ಹುಟ್ಟಿದ್ದು ಆ ರಾಶಿಯ ಮುಂದೆ.

ಬೇರೆ ಕಂಪನಿಯದ್ದು ಹೊಂದುವುದು ಹೇಗೆ? ಇಲ್ಲೊಂದು ಗುಟ್ಟಿದೆ. ಕಾರಿನ ಕಂಪನಿಗಳು ಸಾಮಾನ್ಯವಾಗಿ ಬ್ರೇಕು ತಾವೇ ಮಾಡುವುದಿಲ್ಲ. ಬ್ರೇಕಿಗೇ ಬೇರೆ ಮನೆಗಳಿವೆ. ಇಂಗ್ಲೆಂಡಿನಲ್ಲಿ ಗರ್ಲಿಂಗ್ ಮತ್ತು ಲಾಕ್‌ಹೀಡ್ ಅಂಥವು. ಒಂದೇ ಗರ್ಲಿಂಗ್ ಕಂಪನಿ ಟ್ರಯಂಫ್, ಫೋರ್ಡ್, ವೋಲ್ವೊ ಎಲ್ಲಕ್ಕೂ ಬ್ರೇಕು ಕೊಡುತ್ತಿತ್ತು. ನಮ್ಮಲ್ಲಿ 1962ರಲ್ಲಿ ಟಿವಿಎಸ್ ಬಳಗವೂ ಗರ್ಲಿಂಗೂ ಸೇರಿ ಮದ್ರಾಸಿನ ಪಾಡಿಯಲ್ಲಿ ಬ್ರೇಕ್ಸ್ ಇಂಡಿಯಾ ಕಟ್ಟಿದರು. ಅದೂ ಒಬ್ಬರಿಗಲ್ಲ, ಹಲವು ಕಂಪನಿಗಳ ಗಾಡಿಗೆ ಬ್ರೇಕು ಕೊಟ್ಟುಕೊಂಡು ಬಂದಿದೆ. ಗಾಡಿಯ ಮೂಗಿನ ಮೇಲಿನ ಹೆಸರು ಬೇರೆಯಾದರೂ ಚಕ್ರದ ಹಿಂದಿನ ಮನೆತನ ಎಷ್ಟೋ ಸಲ ಒಂದೇ.

ಹಾಗಾಗಿ ಈ ಅದಲು ಬದಲು ಜಗತ್ತಿನಲ್ಲೆಲ್ಲ ನಡೆದಿದೆ. ಇಂಗ್ಲೆಂಡಿನ ಹುಡುಗರು ಯಾರಿಗೂ ಬೇಡವಾದ ಆಸ್ಟಿನ್ ಪ್ರಿನ್ಸೆಸ್ ಕಾರಿನ ನಾಲ್ಕು ಪಿಸ್ಟನ್ನಿನ ಕ್ಯಾಲಿಪರ್ ಕಿತ್ತು ಫೋರ್ಡ್ ಕ್ಯಾಪ್ರಿ, ಎಸ್ಕಾರ್ಟಿಗೆ ಹಾಕಿದರು. ಅಮೆರಿಕದಲ್ಲಿ ಡಾಟ್ಸನ್ 240 ಝಡ್ ಇಟ್ಟುಕೊಂಡವರು ಟೊಯೊಟಾ ಪಿಕಪ್ಪಿನ ಕ್ಯಾಲಿಪರ್ ಹಾಕಿದರು. ಇವು ಹೆಸರುವಾಸಿಯಾಗಲು ಕಾರಣ ಉಂಟು. ಬೋಲ್ಟಿನ ತೂತು ಹೆಚ್ಚುಕಮ್ಮಿ ನೇರ ಕೂರುತ್ತಿತ್ತು. ಸಾವಿರಾರು ಜನ ಹಾಕಿ, ಓಡಿಸಿ, ಎಲ್ಲಿ ತಪ್ಪುತ್ತದೆ ಎಂದು ಕಂಡುಕೊಂಡಿದ್ದರು. ನಮ್ಮ ಹಳ್ಳಿಯ ಗ್ಯಾರೇಜಿನಲ್ಲಿ ಮಾಡುವ ಪ್ರತಿಯೊಂದು ಜೋಡಣೆಯೂ ಮೊದಲನೆಯದು. ತಪ್ಪು ಎಲ್ಲಿದೆ ಎಂದು ಕಂಡುಹಿಡಿಯುವವನು ಅದರಲ್ಲಿ ಕೂತವನೇ.

ಕೆ.ಬಿ. ಕ್ರಾಸ್ ಕಡೆ ಮೂವತ್ತು ವರ್ಷದಿಂದ ಜೀಪು ರಿಪೇರಿ ಮಾಡುವ ಮೇಸ್ತ್ರಿಯೊಬ್ಬರ ಹತ್ತಿರ ಈ ಬಗ್ಗೆ ತುಂಬ ಹೊತ್ತು ಮಾತಾಡಿದೆವು. ಹೆಸರು ಬೇಡ ಅಂದರು. ಅವರ ಮೊದಲ ಮಾತೇ ಹೀಗಿತ್ತು: "ಕ್ಯಾಲಿಪರ್ ಕೂರ್ಸೋದು ದೊಡ್ಡ ವಿಷ್ಯ ಅಲ್ಲ ಸಾರ್. ಕೂರ್ಸಿದ್ಮೇಲೆ ಗಾಡಿ ಹೆಂಗ್ ನಿಲ್ತೈತೆ ಅನ್ನೋದು ವಿಷ್ಯ."

ಅವರು ಹೇಳಿದ್ದಕ್ಕೆ ನಾವು ಓದಿ ತಿಳಿದದ್ದನ್ನೂ ಸೇರಿಸಿ ಬರೆಯುತ್ತಿದ್ದೇವೆ.

ಮೊದಲನೆಯದು ಮಾಸ್ಟರ್ ಸಿಲಿಂಡರ್. ಪೆಡಲ್ ಒತ್ತಿದಾಗ ಅದು ಒಂದಿಷ್ಟು ಆಯಿಲ್ ತಳ್ಳುತ್ತದೆ, ಆ ಆಯಿಲ್ ಕ್ಯಾಲಿಪರಿನ ಪಿಸ್ಟನ್ ತಳ್ಳುತ್ತದೆ. ಹಳೇ ಕ್ಯಾಲಿಪರಿನ ಪಿಸ್ಟನ್ 48 ಎಂ.ಎಂ. ಇತ್ತು, ಬೇರೆ ಗಾಡಿಯದ್ದು 54 ಎಂ.ಎಂ. ಇದೆ ಅಂದುಕೊಳ್ಳಿ. ಆರು ಎಂ.ಎಂ. ಏನು ಮಹಾ ಅನ್ನಿಸುತ್ತದೆ. ಆದರೆ ವಿಸ್ತೀರ್ಣ ಸುಮಾರು 27 ಪರ್ಸೆಂಟ್ ಹೆಚ್ಚಾಯಿತು. ಹಿಡಿತವೂ ಅಷ್ಟು ಹೆಚ್ಚುತ್ತದೆ, ಬೇಕಾಗುವ ಆಯಿಲ್ಲೂ ಅಷ್ಟೇ ಹೆಚ್ಚುತ್ತದೆ. ಹಳೇ ಮಾಸ್ಟರ್ ಸಿಲಿಂಡರೇ ಇದ್ದರೆ ಪೆಡಲ್ ಕೆಳಗೆ ಕೆಳಗೆ ಹೋಗುತ್ತದೆ. ಪ್ಯಾಡು ಸ್ವಲ್ಪ ಸವೆದಾಗ, ಆಯಿಲ್ ಬಿಸಿಯಾದಾಗ ಪೆಡಲ್ ನೆಲ ಮುಟ್ಟಬಹುದು.

ಡ್ರಮ್ಮಿನ ಮಾಸ್ಟರ್ ಸಿಲಿಂಡರಿಗೆ ಇನ್ನೊಂದು ಸ್ವಭಾವ ಇರುತ್ತದೆ. ಕಾಲು ತೆಗೆದ ಮೇಲೂ ಪೈಪಿನಲ್ಲಿ ಚೂರು ಒತ್ತಡ ಉಳಿಸುವ ವಾಲ್ವು ಅದರಲ್ಲಿರುತ್ತದೆ. ಡ್ರಮ್ಮಿನ ಶೂ ಹಿಂದಕ್ಕೆ ಎಳೆಯಲು ಗಟ್ಟಿ ಸ್ಪ್ರಿಂಗ್ ಇರುವುದರಿಂದ ಅದರಿಂದ ತೊಂದರೆಯಿಲ್ಲ. ಡಿಸ್ಕಿನಲ್ಲಿ ಅಂಥ ಸ್ಪ್ರಿಂಗ್ ಇಲ್ಲ. ಆ ಚೂರು ಒತ್ತಡಕ್ಕೇ ಪ್ಯಾಡು ಡಿಸ್ಕಿಗೆ ಉಜ್ಜಿಕೊಂಡೇ ಓಡುತ್ತದೆ. ಗಾಡಿ ಎಳೆಯುವುದಿಲ್ಲ, ಡೀಸೆಲ್ ಕುಡಿಯುತ್ತದೆ, ಹತ್ತು ಕಿಲೋಮೀಟರಿಗೆ ಚಕ್ರ ಮುಟ್ಟಿದರೆ ಕೈ ಸುಡುತ್ತದೆ. ಕೊನೆಗೆ ಆಯಿಲ್ ಕುದಿಯುತ್ತದೆ. ಕುದ್ದ ಆಯಿಲಿನಲ್ಲಿ ಆವಿ. ಆವಿಯನ್ನು ಒತ್ತಿದರೆ ಅದೇ ಕುಗ್ಗುತ್ತದೆ, ಪಿಸ್ಟನ್ ತಳ್ಳುವುದಿಲ್ಲ.

ಆಯಿಲ್ ವಿಷಯಕ್ಕೆ ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇವೆ. ಡಾಟ್ 3 ಆಯಿಲ್ ಹೊಸದಾಗಿದ್ದಾಗ 205 ಡಿಗ್ರಿವರೆಗೆ ಕುದಿಯಬಾರದು, ಡಾಟ್ 4 ಆದರೆ 230 ಡಿಗ್ರಿವರೆಗೆ. ಆದರೆ ಇದು ಗಾಳಿಯ ತೇವ ಹೀರುವ ಆಯಿಲ್. ನೀರು ಸೇರಿದ ಮೇಲೆ ಅದೇ ಮಿತಿ 140ಕ್ಕೆ, 155ಕ್ಕೆ ಇಳಿಯುತ್ತದೆ. ಐದಾರು ಮಳೆಗಾಲ ಕಂಡ ಆಯಿಲಿನಲ್ಲಿ ಗಾಡಿ ಓಡಿಸುವವರು ನಮ್ಮಲ್ಲಿ ಎಷ್ಟು ಜನ ಎಂದು ನೀವೇ ನೋಡಿಕೊಳ್ಳಿ. ಕಮ್ಮಿಯಾಯಿತೆಂದು ಎಂಜಿನ್ ಆಯಿಲ್ ಸುರಿಯುವವರೂ ಇದ್ದಾರೆ. ಅದು ಒಳಗಿನ ರಬ್ಬರ್ ಕಪ್ಪುಗಳನ್ನು ಉಬ್ಬಿಸಿ ಪೂರ್ತಿ ಬ್ರೇಕು ಹಾಳು ಮಾಡುತ್ತದೆ.

ಎರಡನೆಯದು ಬೂಸ್ಟರ್. ಡ್ರಮ್ಮು ತನ್ನನ್ನು ತಾನೇ ಎಳೆದುಕೊಳ್ಳುತ್ತದೆ, ಡಿಸ್ಕಿಗೆ ಆ ಗುಣ ಇಲ್ಲ ಎಂದೆವಲ್ಲ. ಆ ಕೊರತೆ ತುಂಬಲು ಬೂಸ್ಟರ್ ಬೇಕು. ಬೂಸ್ಟರಿಗೆ ವ್ಯಾಕ್ಯೂಮ್ ಬೇಕು. ಪೆಟ್ರೋಲ್ ಎಂಜಿನ್ನಿನಲ್ಲಿ ಅದು ತಾನಾಗೇ ಸಿಗುತ್ತದೆ, ಡೀಸೆಲ್ಲಿನಲ್ಲಿ ಸಿಗುವುದಿಲ್ಲ, ಅದಕ್ಕೇ ಬೇರೆ ಪಂಪು ಹಾಕಬೇಕು. ಬರೀ ಕ್ಯಾಲಿಪರ್ ತಂದು ಡೀಸೆಲ್ ಜೀಪಿಗೆ ಹಾಕಿದರೆ ಹೊಸ ಬ್ರೇಕು ಹಳೇ ಬ್ರೇಕಿಗಿಂತ ಗಟ್ಟಿಯಾಗಿ, ಕಮ್ಮಿ ಹಿಡಿಯಬಹುದು.

ಮೂರನೆಯದು ಎಲ್ಲಕ್ಕಿಂತ ಸಣ್ಣದು, ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು. ಕ್ಯಾಲಿಪರಿನಲ್ಲಿ ಏರ್ ತೆಗೆಯುವ ಸ್ಕ್ರೂ ಮೇಲ್ಭಾಗದಲ್ಲಿರಬೇಕು. ಜಾಗ ಕೂರಲಿಲ್ಲವೆಂದು ಎಡದ್ದನ್ನು ಬಲಕ್ಕೆ ಹಾಕಿದರೆ ಸ್ಕ್ರೂ ಕೆಳಗೆ ಹೋಗುತ್ತದೆ. ಏರ್ ಮೇಲೆ ನಿಲ್ಲುತ್ತದೆ, ಸ್ಕ್ರೂವಿನಿಂದ ಬರೀ ಆಯಿಲ್ ಬರುತ್ತದೆ. ಹತ್ತು ಸಲ ಬ್ಲೀಡ್ ಮಾಡಿದರೂ ಪೆಡಲ್ ಸ್ಪಂಜಿನ ಹಾಗೆಯೇ. "ಕಂಪನೀನೆ ಸರಿ ಇಲ್ಲ ಅಂತ ಬೈಕೊಂಡ್ ಬರ್ತಾರೆ. ಅಲ್ಲಾ ಕಣಣ್ಣ, ತಲೆಕೆಳಗೆ ಹಾಕಿದ್ದೀಯ ಅಂತೀನಿ," ಎಂದು ಮೇಸ್ತ್ರಿ ನಕ್ಕರು.

ಬ್ರಾಕೆಟ್ ವಿಷಯದಲ್ಲಿ ಅವರು ನಗಲಿಲ್ಲ. ಬ್ರೇಕ್ ಹಾಕಿದಾಗ ಗಾಡಿಯ ಪೂರ್ತಿ ಭಾರ ಆ ಎರಡು ಬೋಲ್ಟು, ಒಂದು ಪಟ್ಟಿಯ ಮೇಲೆ ಬೀಳುತ್ತದೆ. ವೆಲ್ಡಿಂಗ್ ಮಾಡಿದ ಬ್ರಾಕೆಟ್ ತಾವು ಮುಟ್ಟುವುದಿಲ್ಲ ಎಂದರು. ತಲೆಯ ಮೇಲೆ 8.8 ಅಥವಾ 10.9 ಎಂದು ಬರೆದ ಬೋಲ್ಟೇ ಬೇಕು, ಗೇಟಿಗೆ ಹಾಕುವ ಬೋಲ್ಟಲ್ಲ. ಜೀಪಿನ ಚಕ್ರದ ಐದು ಬೋಲ್ಟಿನ ಅಳತೆ ಐದೂವರೆ ಇಂಚು, ಮಾರುತಿ ಜಿಪ್ಸಿಯದ್ದೂ ಅದೇ. ಇದನ್ನು ನೋಡಿ ಜಿಪ್ಸಿ ಡಿಸ್ಕ್ ಕೂತೇಬಿಡುತ್ತದೆ ಎಂದು ನಂಬುವವರಿದ್ದಾರೆ. ಚಕ್ರ ಕೂರುತ್ತದೆ, ಆದರೆ ಒಳಗಿನ ಹಬ್ಬು, ಬೇರಿಂಗು, ಸ್ಟಬ್ಬು ಎಲ್ಲವೂ ಬೇರೆ. ಜೀಪಿನದು 16 ಇಂಚಿನ ಚಕ್ರ, ಅಂಬಾಸಿಡರಿನದು 15. ಅವುಗಳಲ್ಲಿ ದೊಡ್ಡ ಕ್ಯಾಲಿಪರಿಗೂ ಜಾಗ ಉಂಟು. ಮಾರುತಿ 800ರ 12 ಇಂಚಿನ ಚಕ್ರದೊಳಗೆ ಅಂಗೈ ತೂರಿಸುವುದೂ ಕಷ್ಟ.

ಕೊನೆಗೆ ಹಿಂದಿನ ಚಕ್ರ. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ಬರುತ್ತದೆ, ಹಿಂದೆ ಹಗುರಾಗುತ್ತದೆ. ಅದಕ್ಕೇ ಕಂಪನಿಯವರು ಮುಂದೆ ಹೆಚ್ಚು, ಹಿಂದೆ ಕಮ್ಮಿ ಹಿಡಿಯುವ ಹಾಗೆ ಅಳೆದು ಇಟ್ಟಿರುತ್ತಾರೆ. ಮುಂದಿನದ್ದು ಬದಲಾದರೆ ಆ ಅಳತೆ ತಪ್ಪುತ್ತದೆ. ಮುಂದೆ ವಿಪರೀತ ಹೆಚ್ಚಾದರೆ ಮುಂದಿನ ಚಕ್ರ ಲಾಕಾಗಿ ಸ್ಟೇರಿಂಗ್ ತಿರುಗಿಸಿದರೂ ಗಾಡಿ ನೆಟ್ಟಗೆ ಹೋಗುತ್ತದೆ. ಹಿಂದಿನ ಚಕ್ರ ಮೊದಲು ಲಾಕಾದರೆ ಬಾಲ ಮುಂದಕ್ಕೆ ಬಂದು ಗಾಡಿ ತಿರುಗಿಬಿಡುತ್ತದೆ. ಖಾಲಿ ಜೀಪಿನಲ್ಲಿ ಸರಿಯಾಗಿ ನಿಂತದ್ದು ಲೋಡ್ ಜೀಪಿನಲ್ಲಿ ಹಾಗೇ ನಿಲ್ಲುತ್ತದೆಂದೂ ಇಲ್ಲ.

ಹಾಗಾದರೆ ಯಾರೂ ಹಾಕಿಸಬಾರದೇ? ಹಾಗೇನಿಲ್ಲ. ಮೇಸ್ತ್ರಿಯ ಲೆಕ್ಕ ಇದು: ಬಿಡಿ ಕ್ಯಾಲಿಪರ್ ತರಬಾರದು, ಸೆಟ್ ತರಬೇಕು. ಮಹೀಂದ್ರ ಜೀಪಿಗೆ ಡಿಸ್ಕ್ ಇದ್ದ ಮಹೀಂದ್ರದ್ದೇ ಮುಂದಿನ ಆಕ್ಸಲ್ಲು, ಅದರದೇ ಮಾಸ್ಟರ್ ಸಿಲಿಂಡರು, ಬೂಸ್ಟರು, ಪಂಪು. ಅಂಬಾಸಿಡರಿಗೆ ನಂತರದ ಡಿಸ್ಕ್ ಅಂಬಾಸಿಡರಿನ ಸೆಟ್ಟು. 2014ರ ಮೇ ತಿಂಗಳಲ್ಲಿ ಉತ್ತರಪಾರಾದಲ್ಲಿ ಅಂಬಾಸಿಡರ್ ನಿಂತಿತು. ಅದರ ಒಳ್ಳೇ ಸೆಟ್ಟು ವರ್ಷ ವರ್ಷಕ್ಕೂ ಕಮ್ಮಿಯಾಗುತ್ತಿರುವುದು ಬೇರೆ ಮಾತು.

ನಾವು ಒಂದು ಹೆಜ್ಜೆ ಮುಂದೆ ಹೋಗಿ ಹೇಳುತ್ತೇವೆ. ಬಹಳ ಹಳೇ ಗಾಡಿಗೆ ಡಿಸ್ಕಿಗಿಂತ ಮೊದಲು ಬೇಕಾದದ್ದು ಎರಡು ಕೋಣೆಯ ಮಾಸ್ಟರ್ ಸಿಲಿಂಡರ್. ಹಳೇ ಜೀಪುಗಳಲ್ಲಿ ನಾಲ್ಕು ಚಕ್ರಕ್ಕೂ ಒಂದೇ ಲೈನು. ಯಾವುದೋ ಒಂದು ಚಕ್ರದ ಪೈಪು ಒಡೆದರೆ ನಾಲ್ಕೂ ಹೋಯಿತು. ಎರಡು ಕೋಣೆಯದ್ದಾದರೆ ಒಂದು ಕಡೆ ಒಡೆದರೂ ಇನ್ನೊಂದು ಕಡೆ ಹಿಡಿಯುತ್ತದೆ. ಅಮೆರಿಕದಲ್ಲಿ ಇದು 1960ರ ದಶಕದ ಕೊನೆಗೇ ಕಡ್ಡಾಯವಾಯಿತು. ಇದಕ್ಕೆ ವಿಡಿಯೋ ಮಾಡುವವರು ಕಮ್ಮಿ, ಯಾಕೆಂದರೆ ಚಕ್ರದ ಸಂದಿಯಿಂದ ಕೆಂಪು ಬಣ್ಣ ಹೊಡೆದ ಕ್ಯಾಲಿಪರ್ ಕಾಣುವ ಹಾಗೆ ಇದು ಹೊರಗೆ ಕಾಣುವುದಿಲ್ಲ.

ಕಾನೂನು ಏನನ್ನುತ್ತದೆ? ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ, ಕಂಪನಿ ಮೊದಲು ಕೊಟ್ಟ ವಿವರಕ್ಕೂ ಆರ್‌ಸಿಯಲ್ಲಿರುವ ವಿವರಕ್ಕೂ ವ್ಯತ್ಯಾಸ ಬರುವ ಹಾಗೆ ಮಾಲೀಕ ಗಾಡಿ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿಯೇ ಓದಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಒಪ್ಪಿಗೆಯಿಲ್ಲದ ಪ್ರತಿ ಮಾರ್ಪಾಡಿಗೆ ಐದು ಸಾವಿರ ರೂಪಾಯಿ ದಂಡ ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಎಂದು ಸೇರಿತು. ಆರ್‌ಸಿಯಲ್ಲಿ ಬ್ರೇಕಿಗೆಂದು ಕಾಲಂ ಇಲ್ಲ, ಆದ್ದರಿಂದ ಇದು ಅನ್ವಯವಾಗುವುದಿಲ್ಲ ಎಂದು ವಾದಿಸುವವರಿದ್ದಾರೆ. ವಾದಕ್ಕೆ ಜಾಗವಿದೆ. ಆದರೆ ಯಾರಿಗಾದರೂ ಗುದ್ದಿ ಪೆಟ್ಟಾದ ಮೇಲೆ ಇನ್ಶೂರೆನ್ಸ್ ಕಂಪನಿಯ ವಕೀಲರ ಮುಂದೆ ಲೇತಿನಲ್ಲಿ ಮಾಡಿಸಿದ ಬ್ರಾಕೆಟ್ಟಿಗೆ ಉತ್ತರ ಹೇಳಬೇಕಾದವರು ನೀವು. ಹಾಕಿಸುವ ಮೊದಲೇ ಆರ್‌ಟಿಒ ಕಚೇರಿಯಲ್ಲೂ ಇನ್ಶೂರೆನ್ಸಿನವರಲ್ಲೂ ಕೇಳಿ, ಸಾಧ್ಯವಾದರೆ ಬರಹದಲ್ಲಿ ಉತ್ತರ ಪಡೆಯಿರಿ.

ಈ ಪ್ರಶ್ನೆ ಈಗ ಜೋರಾಗಲು ಕಾರಣ ರಸ್ತೆ. ತುಮಕೂರು–ಶಿವಮೊಗ್ಗ ಹೆದ್ದಾರಿ, ನಮ್ಮ ಬಾಯಲ್ಲಿ ಇನ್ನೂ 206, ನಾಲ್ಕು ಲೇನಾಗುತ್ತಿದೆ. 2019ರ ಏಪ್ರಿಲ್‌ನಿಂದ ಹೊಸ ಕಾರಿಗೆಲ್ಲ ಎಬಿಎಸ್ ಕಡ್ಡಾಯ. ಮುಂದೆ ಹೋಗುವ ಹೊಸ ಕಾರು ನಾಯಿ ಅಡ್ಡ ಬಂತೆಂದು ಗಕ್ಕನೆ ನಿಲ್ಲುತ್ತದೆ. ಹಿಂದೆ ಕೊಬ್ಬರಿ ತುಂಬಿಕೊಂಡು ಬರುತ್ತಿರುವ ಡ್ರಮ್ ಬ್ರೇಕಿನ ಜೀಪು ಅಷ್ಟರಲ್ಲಿ ನಿಲ್ಲುವುದಿಲ್ಲ. ಹಳೇ ರಸ್ತೆಯಲ್ಲಿ ಎಲ್ಲರೂ ನಿಧಾನ, ಎಲ್ಲರದ್ದೂ ಡ್ರಮ್ಮು, ಆದ್ದರಿಂದ ಲೆಕ್ಕ ಸರಿಯಾಗಿತ್ತು.

ನಾವು ಮಾತಾಡುತ್ತಿದ್ದಾಗಲೇ ಒಬ್ಬ ರೈತರು ಜೀಪು ತಂದರು. ಎಲ್ಲೋ ಸಿಕ್ಕಿದ ಒಂದು ಜೊತೆ ಕ್ಯಾಲಿಪರ್ ಗೋಣಿಚೀಲದಲ್ಲಿತ್ತು. ಮೇಸ್ತ್ರಿ ಚೀಲ ಬಿಚ್ಚಲಿಲ್ಲ. ಮೊದಲು ನಾಲ್ಕೂ ಡ್ರಮ್ ಬಿಚ್ಚಿಸಿದರು. ಎರಡು ಚಕ್ರದ ಸಿಲಿಂಡರ್ ಲೀಕು, ಒಂದು ಲೈನರ್ ರಿವೆಟ್ಟಿಗೆ ಬಂದಿತ್ತು, ಹಿಂದಿನ ಅಡ್ಜಸ್ಟರ್ ತುಕ್ಕು ಹಿಡಿದು ವರ್ಷಗಳಿಂದ ತಿರುಗಿಯೇ ಇರಲಿಲ್ಲ.

"ಯಜಮಾನ್ರೆ, ನಿಮ್ಮ ಜೀಪ್ಗೆ ಡ್ರಮ್ ಬ್ರೇಕೇ ಇನ್ನೂ ಹಾಕಿಲ್ವಲ್ಲ. ಮೊದ್ಲು ಅದನ್ ಹಾಕಣ," ಎಂದರು. ಕಪ್ಪು, ಲೈನರು, ಹೊಸ ಆಯಿಲು ಬರೆದುಕೊಟ್ಟರು. ಕ್ಯಾಲಿಪರ್ ಚೀಲ ಜೀಪಿನ ಹಿಂದಿನ ಸೀಟಿನ ಕೆಳಗೇ ಇತ್ತು. ಸಂಜೆ ಹುಡುಗ ಟ್ರಯಲ್ ಹೊಡೆದು ಬಂದ. ಮೂರು ಸಲ ಪಂಪ್ ಮಾಡಬೇಕಿದ್ದ ಪೆಡಲ್ ಒಂದೇ ಸಲಕ್ಕೆ ಅರ್ಧದಲ್ಲಿ ಗಟ್ಟಿಯಾಗಿ ನಿಂತಿತ್ತು.